ದಿನನಿತ್ಯದ ಪ್ರಯಾಣ ಮತ್ತು ನಮ್ಮ ಬೆನ್ನು

ತುಮಕೂರು, ಗುಬ್ಬಿ ಮತ್ತು ಕುಣಿಗಲ್ - ಈ ಮೂರು ಊರುಗಳಲ್ಲಿ ಬೆಳಗಾಗುವುದೇ ಬಸ್ ನಿಲ್ದಾಣದಲ್ಲಿ ಎಂದರೆ ಅತಿಶಯೋಕ್ತಿಯಾಗಲಾರದು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್. ಕುಣಿಗಲ್‌ನಿಂದ ತುಮಕೂರಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70. ಈ ದಾರಿಗಳಲ್ಲಿ ಸರ್ಕಾರಿ ಕಚೇರಿಗಳ ನೌಕರರು, ಶಾಲಾ ಶಿಕ್ಷಕರು, ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರಗಳ ಕಾರ್ಖಾನೆ ಕೆಲಸಗಾರರು, ಬೆಂಗಳೂರಿನವರೆಗೂ ಹೋಗಿ ಬರುವವರು, ಜೇಬಿನಲ್ಲಿ ಪಾಸು ಇಟ್ಟುಕೊಂಡ ಕಾಲೇಜು ವಿದ್ಯಾರ್ಥಿಗಳು ಪ್ರತಿದಿನ ಓಡಾಡುತ್ತಾರೆ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಗುಬ್ಬಿಯ ಕಡೆಗೆ ಕೆಲಸಕ್ಕೆ ಹೋಗಲು ಇನ್ನೊಂದು ಕಾರಣವೂ ಸೇರಿಕೊಂಡಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ವರ್ಷಕ್ಕೆ 300 ದಿನ ಎಂದರೆ 600 ಗಂಟೆ. ಎಂಟು ಗಂಟೆಯ ಕೆಲಸದ ದಿನಗಳ ಲೆಕ್ಕದಲ್ಲಿ ಇದು 75 ದಿನ. ಮೂವತ್ತು ವರ್ಷ ದುಡಿಯುವ ವ್ಯಕ್ತಿಯೊಬ್ಬರು ಸಂಬಳವಿಲ್ಲದೆ ಏಳು ವರ್ಷಕ್ಕೂ ಹೆಚ್ಚು ಕಾಲ ಬರೀ ಪ್ರಯಾಣದ ಕೆಲಸವನ್ನೇ ಮಾಡಿದಂತಾಯಿತು! ಈ ಕೆಲಸದ ಭಾರ ಬೀಳುವುದು ಬೆನ್ನಿನ ಮೇಲೆ.

ಬೆನ್ನುನೋವು ಪ್ರಾಣಕ್ಕೆ ಅಪಾಯ ತರುವುದು ಅಪರೂಪ. ಆದರೆ ಅದು ದುಡಿಮೆಯನ್ನು ಕಸಿಯುತ್ತದೆ. ದಿನಗೂಲಿಯವರಿಗೆ ಒಂದು ದಿನ ಏಳಲಾಗದಿದ್ದರೆ ಅಂದಿನ ಕೂಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 62 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು. ಬೇರಾವ ತೊಂದರೆಯೂ ಇಷ್ಟು ಜನರ ಓಡಾಟ, ಕೆಲಸಗಳಿಗೆ ಅಡ್ಡಿ ಮಾಡುವುದಿಲ್ಲ. ಹಾಗಾದರೆ ಬಸ್ಸನ್ನೂ ಬಿಡಲಾಗದ, ಕೆಲಸವನ್ನೂ ಬಿಡಲಾಗದ ನಾವು ಏನು ಮಾಡಬೇಕು? ಇದಕ್ಕೆ ಉತ್ತರ ಸಿಗಬೇಕಾದರೆ ಮೊದಲು ಬೆನ್ನಿನ ರಚನೆಯನ್ನು ತಿಳಿಯಬೇಕು.

ಮಣಿಗಳು ಮತ್ತು ಮೆತ್ತೆಗಳು

ಬೆನ್ನುಮೂಳೆ ಒಂದೇ ಮೂಳೆಯಲ್ಲ. ಮಣಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಂಬ. ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 - ಹೀಗೆ 24 ಮಣಿಗಳು ಅಲುಗಾಡಬಲ್ಲವು. ಅವುಗಳ ಕೆಳಗಿನ ಮಣಿಗಳು ವಯಸ್ಕರಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ದೇಹದ ಮೇಲ್ಭಾಗದ ತೂಕವೆಲ್ಲ ಇಳಿದು ಬರುವುದು ಸೊಂಟದ ಐದು ಮಣಿಗಳ ಮೇಲೆ. ನೋವು ಅಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣ.

ಮಣಿಮಣಿಗಳ ನಡುವೆ ಒಂದೊಂದು ಮೆತ್ತೆ ಇದೆ. ಇದನ್ನೇ ನಾವು ಡಿಸ್ಕ್ ಎನ್ನುತ್ತೇವೆ. ಒಟ್ಟು 23 ಡಿಸ್ಕ್‌ಗಳು. ಪ್ರತಿಯೊಂದರ ಹೊರಭಾಗ ಈರುಳ್ಳಿಯ ಪದರಗಳಂತೆ ಸುತ್ತಿಕೊಂಡ ಗಟ್ಟಿ ನಾರು. ಒಳಗೆ ಎಳನೀರಿನ ಗಂಜಿಯಂಥ ಮೃದುವಾದ, ನೀರು ತುಂಬಿದ ತಿರುಳು. ಮೇಲಿನಿಂದ ಒತ್ತಡ ಬಿದ್ದಾಗ ತಿರುಳು ಅದನ್ನು ಸುತ್ತಲೂ ಹಂಚುತ್ತದೆ, ನಾರಿನ ಪದರ ಅದನ್ನು ಹಿಡಿದಿಡುತ್ತದೆ.

ಈ ಡಿಸ್ಕ್‌ನ ವಿಶೇಷವೆಂದರೆ, ದೊಡ್ಡವರಲ್ಲಿ ಇದರ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಆಹಾರ, ಆಮ್ಲಜನಕಗಳು ಅಕ್ಕಪಕ್ಕದ ಮೂಳೆಯಿಂದ ಜಿನುಗಿ ಬರಬೇಕು. ಇನ್ನು ನೀರಿನ ವಿಷಯದಲ್ಲಿ ಡಿಸ್ಕ್ ಸ್ಪಂಜಿನಂತೆ ವರ್ತಿಸುತ್ತದೆ: ಒತ್ತಿದಾಗ ನೀರು ಹೊರಗೆ, ಬಿಟ್ಟಾಗ ಒಳಗೆ. ದಿನವಿಡೀ ಕುಳಿತು, ನಿಂತು, ನಡೆದಾಗ ಅದು ಸ್ವಲ್ಪ ಸ್ವಲ್ಪವಾಗಿ ನೀರು ಬಿಡುತ್ತದೆ. ರಾತ್ರಿ ಮಲಗಿದಾಗ ಮತ್ತೆ ಹೀರಿಕೊಂಡು ಉಬ್ಬುತ್ತದೆ. ನಂಬಿಕೆ ಬಾರದಿದ್ದರೆ ನೀವೇ ಪರೀಕ್ಷಿಸಬಹುದು. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು ನಿಮ್ಮ ಎತ್ತರವನ್ನು ಗುರುತು ಹಾಕಿಸಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಮತ್ತೊಮ್ಮೆ ಅಳೆಯಿರಿ. ರಾತ್ರಿಯ ಅಳತೆ ಸುಮಾರು ಒಂದು ಸೆಂಟಿಮೀಟರಿನಷ್ಟು, ಕೆಲವರಲ್ಲಿ ಅದಕ್ಕೂ ಹೆಚ್ಚು, ಕಡಿಮೆ ಇರುತ್ತದೆ.

ಹೀಗಿರುವಾಗ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು ಸ್ಪಂಜನ್ನು ಒತ್ತಿ ಹಾಗೆಯೇ ಹಿಡಿದಂತೆ. ಅದರ ಜೊತೆಗೆ ಬೆನ್ನಿನ ಸ್ನಾಯುಗಳೂ ದಣಿಯುತ್ತವೆ, ಮೂಳೆಗಳನ್ನು ಕಟ್ಟಿಹಾಕಿರುವ ನಾರುಗಳೂ ಸಡಿಲವಾಗುತ್ತವೆ.

ಕಾರಿನ ಟೈರಿಗಿಂತ ಹೆಚ್ಚಿನ ಒತ್ತಡ

ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕ್‌ನೊಳಗೆ ಸೂಜಿಯಂಥ ಸಾಧನವನ್ನಿಟ್ಟು ಒತ್ತಡವನ್ನು ಅಳೆದರು. ನಿಂತಾಗಿನದಕ್ಕಿಂತ ಕುಳಿತಾಗ ಒತ್ತಡ ಹೆಚ್ಚು ಎಂಬುದು ಅವರ ಅಳತೆ. 1999ರಲ್ಲಿ ಜರ್ಮನಿಯ ಹಾನ್ಸ್ ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕರ ಮೇಲೆ ಹೊಸ ಸಾಧನದಿಂದ ಅಳೆದಾಗ ಚಿತ್ರ ಸ್ವಲ್ಪ ಬದಲಾಯಿತು. ನೆಟ್ಟಗೆ ನಿಂತಾಗ ಒತ್ತಡ 0.5 ಮೆಗಾಪಾಸ್ಕಲ್. ಇದು ವಾಯುಮಂಡಲದ ಒತ್ತಡದ ಐದರಷ್ಟು. ಕಾರಿನ ಟೈರಿಗೆ ನಾವು ತುಂಬುವ ಗಾಳಿಯ ಒತ್ತಡ ಸುಮಾರು ಎರಡರಷ್ಟು ಮಾತ್ರ! ಆರಾಮವಾಗಿ ಕುಳಿತಾಗ ಒತ್ತಡ ನಿಂತಾಗಿನಷ್ಟೇ ಇತ್ತು. ಹಿಂದಕ್ಕೆ ಒರಗಿ ಕುಳಿತಾಗ ಇನ್ನೂ ಇಳಿಯಿತು. ಆದರೆ ಕುಳಿತು ಮುಂದಕ್ಕೆ ಬಾಗಿದಾಗ 0.83ಕ್ಕೆ ಏರಿತು. 20 ಕಿಲೋ ಭಾರವನ್ನು ಬೆನ್ನು ಬಾಗಿಸಿ ನೆಲದಿಂದ ಎತ್ತಿದಾಗ 2.3ಕ್ಕೆ ಹೋಯಿತು. ಅದೇ ಭಾರವನ್ನು ಮೊಣಕಾಲು ಮಡಿಸಿ ಎತ್ತಿದಾಗ 1.7. ಮೈಗೆ ಒತ್ತಿ ಹಿಡಿದು ನಿಂತಾಗ 1.1.

ಈ ಅಂಕಿಗಳಿಂದ ನಾವು ಕಲಿಯುವುದು ಇಷ್ಟು. ಕುಳಿತುಕೊಳ್ಳುವುದೇ ವಿಷವಲ್ಲ, ಮುಂದಕ್ಕೆ ಬಾಗಿ ಕೂರುವುದು ಮತ್ತು ಕೂತಲ್ಲೇ ಕೂರುವುದು ತೊಂದರೆ. ಯಾವುದೇ ಒಂದು ಭಂಗಿಯನ್ನು 'ಸರಿಯಾದ ಭಂಗಿ' ಎಂದು ಹಿಡಿದುಕೊಂಡು ಗಂಟೆಗಟ್ಟಲೆ ಕೂರುವುದರಿಂದಲೂ ಪ್ರಯೋಜನವಿಲ್ಲ. ಬೆನ್ನಿಗೆ ಬೇಕಾದದ್ದು ಬದಲಾವಣೆ.

ಬಸ್ಸಿನಲ್ಲಿ ಯಾವ ಸೀಟು?

ಬಸ್ಸಿನ ಕೊನೆಯ ಸಾಲು ಯಾಕೆ ಹೆಚ್ಚು ಎತ್ತಿಹಾಕುತ್ತದೆ ಎಂದು ಯೋಚಿಸಿದ್ದೀರಾ? ಇದು ಸನ್ನೆಯ ತತ್ವ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 6 ಮೀಟರ್, ಅಲ್ಲಿಂದ ಕೊನೆಯ ಸೀಟಿಗೆ ಇನ್ನು 3 ಮೀಟರ್ ಎಂದುಕೊಳ್ಳಿ. ಹಿಂದಿನ ಚಕ್ರ 10 ಸೆಂಟಿಮೀಟರ್ ಎತ್ತರದ ಉಬ್ಬನ್ನು ಹತ್ತಿದಾಗ, ಮುಂದಿನ ಚಕ್ರವೇ ಆನಿಕೆಯಾಗಿ, ಎರಡು ಚಕ್ರಗಳ ನಟ್ಟನಡುವಿನ ಸೀಟು 5 ಸೆಂಟಿಮೀಟರ್ ಮಾತ್ರ ಏಳುತ್ತದೆ. ಕೊನೆಯ ಸೀಟು 15 ಸೆಂಟಿಮೀಟರ್ ಏಳುತ್ತದೆ. ಸ್ಪ್ರಿಂಗ್‌ಗಳು ಈ ಲೆಕ್ಕವನ್ನು ಸ್ವಲ್ಪ ಬದಲಿಸುತ್ತವೆ ನಿಜ, ಆದರೆ ತತ್ವ ಅದೇ. ಆದ್ದರಿಂದ ಆಯ್ಕೆ ಇದ್ದಾಗ ಎರಡು ಚಕ್ರಗಳ ನಡುವಿನ ಸೀಟನ್ನು ಹಿಡಿಯಿರಿ. ಮನೆಯಲ್ಲಿ ಬೆನ್ನುನೋವಿರುವ ಹಿರಿಯರಿದ್ದರೆ ಅವರಿಗೆ ಹಿಂದಿನ ಸಾಲು ಬೇಡವೆಂದು ಹೇಳಿ.

ಎರಡನೆಯದು ಕಂಪನ. ಉಯ್ಯಾಲೆಯನ್ನು ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳುವಿಕೆಯೂ ದೊಡ್ಡ ಜೀಕಾಗುತ್ತದೆ. ಭೌತಶಾಸ್ತ್ರದಲ್ಲಿ ಇದನ್ನು ಅನುರಣನ ಎನ್ನುತ್ತಾರೆ. ಕುಳಿತಿರುವ ಮನುಷ್ಯನ ದೇಹಕ್ಕೂ ಇಂಥ ಲಯವಿದೆ: ಮೇಲೆ ಕೆಳಗೆ ಅಲುಗುವಾಗ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ. ಒರಟು ರಸ್ತೆಯಲ್ಲಿ ಬಸ್ಸು, ಲಾರಿ, ಟ್ರ್ಯಾಕ್ಟರ್‌ಗಳ ಸೀಟಿನಿಂದ ಬರುವ ಅಲುಗಾಟದಲ್ಲಿ ಈ ವೇಗದ ಕಂಪನವೂ ಸೇರಿರುತ್ತದೆ. ಆಗ ಸೊಂಟದ ಭಾಗ ಸೀಟಿಗಿಂತ ಹೆಚ್ಚಾಗಿ ಕುಲುಕುತ್ತದೆ. ವಾಹನ ಚಾಲಕರಲ್ಲಿ ಬೆನ್ನುನೋವು ಹೆಚ್ಚಾಗಿ ಕಂಡುಬಂದಿದೆ. ದೇಹದ ಮೇಲಿನ ಕಂಪನವನ್ನು ಅಳೆಯಲು 1974ರಲ್ಲಿ ಐ.ಎಸ್.ಒ. 2631 ಎಂಬ ಅಂತರರಾಷ್ಟ್ರೀಯ ಮಾನಕವೇ ಬಂದಿತು.

ಮೂರನೆಯದು ರಸ್ತೆಯ ಉಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಸೂಚಿಸಿದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಂದರೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವಂಥದ್ದು. ನಮ್ಮ ಎಷ್ಟೋ ರಸ್ತೆಗಳ ಉಬ್ಬುಗಳು ಅಷ್ಟೇ ಎತ್ತರವಾಗಿದ್ದರೂ ಅಗಲದಲ್ಲಿ ಒಂದು ಮೊಳವಷ್ಟೇ. ಅದನ್ನು ನಾವು ಸರಿಪಡಿಸಲಾರೆವು. ಆದರೆ ದಿನವೂ ಹೋಗುವ ದಾರಿಯಲ್ಲಿ ಉಬ್ಬು ಎಲ್ಲಿದೆ ಎಂಬುದು ಬಾಯಿಪಾಠವಾಗಿರುತ್ತದಲ್ಲವೇ? ಅದು ಬರುವ ಮುಂಚೆ ಪಾದಗಳನ್ನು ನೆಲಕ್ಕೆ ಊರಿ, ಮುಂದಿನ ಸೀಟಿನ ಕಂಬಿ ಹಿಡಿದು, ತೂಕವನ್ನು ಕಾಲುಗಳಿಗೆ ಸ್ವಲ್ಪ ವರ್ಗಾಯಿಸಿ. ಮಡಿಸಿದ ಮೊಣಕಾಲಿನಷ್ಟು ಒಳ್ಳೆಯ ಸ್ಪ್ರಿಂಗ್ ಯಾವ ಬಸ್ಸಿನಲ್ಲೂ ಇಲ್ಲ.

ಕುಳಿತಾಗ ಗಮನಿಸಬೇಕಾದ ಇನ್ನು ಕೆಲವು ಅಂಶಗಳು ಹೀಗಿವೆ:

1. ಸೀಟಿನ ಹಿಂಭಾಗಕ್ಕೆ ಪೂರ್ತಿ ಸರಿದು ಕುಳಿತು ಒರಗಿಕೊಳ್ಳಿ. ಸೊಂಟದ ಬಳಿ ಸಂದು ಉಳಿದರೆ ಮಡಿಸಿದ ಟವೆಲನ್ನೋ ಶಾಲನ್ನೋ ಅಲ್ಲಿ ಇಡಿ.

2. ಪ್ಯಾಂಟಿನ ಹಿಂದಿನ ಜೇಬಿನಲ್ಲಿರುವ ದಪ್ಪನೆಯ ಪರ್ಸನ್ನು ತೆಗೆದಿಡಿ. ಅದರ ಮೇಲೆ ಕುಳಿತರೆ ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ.

3. ಮೊಬೈಲನ್ನು ತೊಡೆಯ ಮೇಲಿಟ್ಟು ನೋಡುತ್ತ ಹೋದರೆ ಕತ್ತೂ ಬೆನ್ನೂ ಒಟ್ಟಿಗೆ ಬಾಗುತ್ತವೆ. ನೋಡಲೇಬೇಕಾದರೆ ಕೈಯನ್ನು ಬ್ಯಾಗಿನ ಮೇಲೆ ಊರಿ ಮೊಬೈಲನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ.

4. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೂರುವ ರೀತಿ ಬದಲಿಸಿ. ಭುಜ ಹಿಂದಕ್ಕೆ ಎಳೆಯಿರಿ, ಹಿಮ್ಮಡಿ ಎತ್ತಿ ಇಳಿಸಿ. ದಾರಿಯಲ್ಲಿ ಯಾರಾದರೂ ಹಿರಿಯರು ಹತ್ತಿದರೆ ಎದ್ದು ಸೀಟು ಬಿಟ್ಟುಕೊಡಿ. ಅವರಿಗೂ ಒಳ್ಳೆಯದು, ನಿಮ್ಮ ಬೆನ್ನಿಗೂ ಒಳ್ಳೆಯದು!

ಗುಬ್ಬಿಯವರಿಗೆ ಬೆಂಗಳೂರು-ಅರಸೀಕೆರೆ ಮಾರ್ಗದ ರೈಲಿನ ಅನುಕೂಲವಿದೆ. ರೈಲಿನಲ್ಲಿ ಗುಂಡಿ, ಉಬ್ಬುಗಳ ಎತ್ತಾಟವಿಲ್ಲ. ಜಾಗವಿದ್ದರೆ ಎದ್ದು ನಾಲ್ಕು ಹೆಜ್ಜೆ ಹಾಕಲೂಬಹುದು. ಕುಣಿಗಲ್‌ನವರಿಗೆ 2017ರಿಂದ ಬೆಂಗಳೂರಿಗೆ ರೈಲಿದೆ, ಆದರೆ ತುಮಕೂರಿಗೆ ಬರಲು ನೇರ ರೈಲುಮಾರ್ಗವಿಲ್ಲ. ಹಾಗಾಗಿ ಅವರು ಬಸ್ಸಿನ ಸೂತ್ರಗಳನ್ನೇ ಚೆನ್ನಾಗಿ ರೂಢಿಸಿಕೊಳ್ಳಬೇಕು.

ನಿಂತವರು ಮತ್ತು ಅವರ ಬ್ಯಾಗು

ಬೆಳಗಿನ ಬಸ್ಸಿನಲ್ಲಿ ಸೀಟು ಸಿಗುವುದು ಅದೃಷ್ಟವಂತರಿಗೆ. ನಿಲ್ಲಬೇಕಾದವರು ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟು, ಮೊಣಕಾಲನ್ನು ಬಿಗಿ ಮಾಡದೆ ನಿಲ್ಲಲಿ. ಆಗಾಗ ಹಿಡಿದ ಕೈಯನ್ನು ಬದಲಿಸಲಿ. ಒಂದೇ ಭುಜಕ್ಕೆ ತೂಗುಹಾಕಿದ ಬ್ಯಾಗು ಬೆನ್ನನ್ನು ಪಕ್ಕಕ್ಕೆ ಎಳೆಯುತ್ತದೆ. ಎರಡೂ ಭುಜಕ್ಕೆ ಹಾಕಿದ ಬ್ಯಾಗು ಕೆಳಕ್ಕೆ ಜೋತುಬಿದ್ದರೆ ಹಿಂದಕ್ಕೆ ಎಳೆಯುತ್ತದೆ. ನಮ್ಮ ಬಸ್ಸುಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ: ಕುಳಿತವರು 'ಕೊಡಿ ಇಲ್ಲಿ' ಎಂದು ನಿಂತವರ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಇದು ಸೌಜನ್ಯ ಮಾತ್ರವಲ್ಲ, ಅಪ್ಪಟ ಬೆನ್ನಿನ ಆರೈಕೆ. ಈ ಪದ್ಧತಿಯನ್ನು ಬಿಡಬೇಡಿ.

ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಬ್ಯಾಗಿನ ತೂಕ ವಿದ್ಯಾರ್ಥಿಯ ತೂಕದ ಶೇಕಡಾ 10ನ್ನು ಮೀರಬಾರದು. ಅಂದರೆ 45 ಕಿಲೋ ತೂಗುವವರಿಗೆ ನಾಲ್ಕೂವರೆ ಕಿಲೋ. ನಿಮ್ಮ ಬ್ಯಾಗನ್ನು ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ.

ದ್ವಿಚಕ್ರ ವಾಹನದಲ್ಲಿ ಹೋಗುವವರ ಸ್ಥಿತಿ ಬೇರೆ. ಅವರಿಗೆ ಒರಗಲು ಏನೂ ಇಲ್ಲ, ಗುಂಡಿಯ ಹೊಡೆತ ನೇರ ಸೊಂಟಕ್ಕೆ. ಟೈರಿನಲ್ಲಿ ಗಾಳಿ ಕಂಪನಿ ಹೇಳಿದಷ್ಟೇ ಇರಲಿ. ಹೆಚ್ಚಾದರೆ ಎತ್ತಾಟವೂ ಹೆಚ್ಚು. ಭಾರದ ಬ್ಯಾಗನ್ನು ಬೆನ್ನಿಗೆ ಹಾಕಿಕೊಳ್ಳುವ ಬದಲು ಸೀಟಿಗೆ ಭದ್ರವಾಗಿ ಕಟ್ಟಬಹುದು. ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುವುದರಿಂದ ಸೊಂಟ ತಿರುಚಿಕೊಂಡೇ ಇರುತ್ತದೆ. ಬೀಳುವ ಅಪಾಯವೂ ಹೆಚ್ಚು.

ಇಳಿದ ಕೂಡಲೇ ಎತ್ತಬೇಡಿ

ಬಹಳ ಜನಕ್ಕೆ ತಿಳಿಯದ ವಿಷಯ ಇದು. ಬೆನ್ನು 'ಹಿಡಿದುಕೊಳ್ಳುವುದು' ಎಷ್ಟೋ ಸಲ ಪ್ರಯಾಣದ ನಡುವೆ ಅಲ್ಲ, ಪ್ರಯಾಣ ಮುಗಿದ ಮೇಲೆ. ಒಂದು ಗಂಟೆ ಬಾಗಿ ಕುಳಿತು ಸಡಿಲವಾದ ನಾರುಗಳು ಮೊದಲಿನ ಬಿಗಿಗೆ ಮರಳಲು ಕೆಲವು ನಿಮಿಷಗಳು ಬೇಕು. ಅಷ್ಟರಲ್ಲಿ ಸೀಟಿನ ಕೆಳಗಿನ ಚೀಲವನ್ನು ಬಾಗಿ, ತಿರುಗಿ, ಒಂದೇ ಏಟಿಗೆ ಎಳೆದರೆ?

ಇಲ್ಲಿಯೂ ಸನ್ನೆಯ ಲೆಕ್ಕವಿದೆ. ಬೆನ್ನಿನ ಸ್ನಾಯು ಡಿಸ್ಕ್‌ನ ಮಧ್ಯಭಾಗದಿಂದ ಸುಮಾರು 5 ಸೆಂಟಿಮೀಟರ್ ಹಿಂದಿದೆ. 5 ಕಿಲೋ ಚೀಲವನ್ನು 50 ಸೆಂಟಿಮೀಟರ್ ಮುಂದೆ ಚಾಚಿ ಹಿಡಿದರೆ, ಚೀಲವೊಂದಕ್ಕೇ ಸ್ನಾಯು ಹತ್ತರಷ್ಟು, ಅಂದರೆ 50 ಕಿಲೋ ತೂಕದಷ್ಟು ಬಲ ಹಾಕಬೇಕು. ಬಾಗಿದ ದೇಹದ ತೂಕ ಇದಕ್ಕೆ ಸೇರುತ್ತದೆ. ಅದೇ ಚೀಲವನ್ನು 20 ಸೆಂಟಿಮೀಟರ್ ದೂರದಲ್ಲಿ, ಮೈಗೆ ಹತ್ತಿರ ಹಿಡಿದರೆ 20 ಕಿಲೋ ಸಾಕು. ಆದ್ದರಿಂದ ಬಸ್ಸು ನಿಲ್ಲುವ ಮುಂಚೆಯೇ ಚೀಲವನ್ನು ತೊಡೆಗೆ ತೆಗೆದುಕೊಳ್ಳಿ. ಇಳಿದ ಮೇಲೆ ಒಂದೆರಡು ನಿಮಿಷ ನಡೆಯಿರಿ, ಸೊಂಟದ ಮೇಲೆ ಕೈಯಿಟ್ಟು ಎರಡು ಮೂರು ಬಾರಿ ಮೆಲ್ಲನೆ ಹಿಂದಕ್ಕೆ ಬಾಗಿ. ಆಮೇಲೆ ಭಾರದ ಕೆಲಸ.

ಇದೇ ಮಾತು ಬೆಳಗಿನ ಜಾವಕ್ಕೂ ಅನ್ವಯಿಸುತ್ತದೆ. ರಾತ್ರಿಯಿಡೀ ನೀರು ಹೀರಿ ಉಬ್ಬಿದ ಡಿಸ್ಕ್ ಎದ್ದ ಮೊದಲ ಗಂಟೆಯಲ್ಲಿ ಬಾಗುವಿಕೆಯನ್ನು ಸುಲಭವಾಗಿ ತಾಳಲಾರದು. ಎದ್ದ ಹೊತ್ತಿನಲ್ಲಿ ಬಾಗುವುದನ್ನು ಕಡಿಮೆ ಮಾಡಿದವರಲ್ಲಿ ಹಳೆಯ ಬೆನ್ನುನೋವು ತಗ್ಗಿತೆಂದು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಆರು ಗಂಟೆಯ ಬಸ್ಸು ಹಿಡಿಯಬೇಕಾದ ತಾಯಿಯೇ ಐದಕ್ಕೆ ಎದ್ದು ಬಾಗಿ ಕಸ ಗುಡಿಸಿ, ಬಿಂದಿಗೆಯಲ್ಲಿ ನೀರು ತಂದು, ಡಬ್ಬಿ ಕಟ್ಟಿ, ನಂತರ ಓಡಿ ಬಸ್ಸು ಹತ್ತುತ್ತಾರೆ. ಆ ಬಿಂದಿಗೆಯನ್ನು ಮನೆಯಲ್ಲಿ ಬೇರೆಯವರು ಎತ್ತಿಕೊಂಡರೆ ಅದು ಯಾವ ಮುಲಾಮಿಗಿಂತಲೂ ಹೆಚ್ಚಿನ ಉಪಕಾರ. ಬೇರೆಯವರು ಎಂದರೆ ಯಾರು ಎಂಬುದನ್ನು ಈ ಪುಟ ಓದುತ್ತಿರುವವರು ಊಹಿಸಬಲ್ಲರು.

ದಾರಿಯಲ್ಲೇ ಇರುವ ಮದ್ದು

ಬೆನ್ನಿಗೆ ಬೆಲ್ಟು ಕಟ್ಟಿಕೊಂಡರೆ ನೋವು ಬಾರದಂತೆ ತಡೆಯಬಹುದೇ? 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೆಲ್ಟಿನಿಂದಾಗಲಿ, ಪಾದರಕ್ಷೆಯೊಳಗಿನ ಮೆತ್ತೆಯಿಂದಾಗಲಿ ತಡೆಯಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ವ್ಯಾಯಾಮಕ್ಕೆ, ಅದರಲ್ಲೂ ತಿಳುವಳಿಕೆಯೊಡನೆ ಮಾಡುವ ವ್ಯಾಯಾಮಕ್ಕೆ ಆಧಾರ ಸಿಕ್ಕಿತು. 2024ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಕ್ರಮವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡು ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನದವರೆಗೆ ನಡೆಯುವುದು ಒಂದು ಗುಂಪಿನವರ ಗುರಿ. ಅವರಲ್ಲಿ ಕೆಲಸಕ್ಕೆ ಅಡ್ಡಿಯಾಗುವ ನೋವು ಮತ್ತೆ ಬರಲು ಮಧ್ಯಾಂಕದ ಲೆಕ್ಕದಲ್ಲಿ 208 ದಿನ ಹಿಡಿಯಿತು. ನಡೆಯುವ ಕಾರ್ಯಕ್ರಮವಿಲ್ಲದವರಲ್ಲಿ 112 ದಿನವಷ್ಟೇ.

ಇದಕ್ಕಾಗಿ ಜಿಮ್ ಬೇಡ, ಹಣ ಬೇಡ. ಬೆಂಗಳೂರಿನ ಕಡೆಯಿಂದ ಬರುವವರು ಬಿ.ಎಚ್. ರಸ್ತೆಯಲ್ಲಿ ಬಟವಾಡಿಯಲ್ಲೋ ಭದ್ರಮ್ಮ ವೃತ್ತದಲ್ಲೋ ಇಳಿದು ಟೌನ್‌ಹಾಲ್ ಕಡೆಗೆ ನಡೆಯಬಹುದು. ನಿಲ್ದಾಣದಿಂದ ಮನೆಗೆ ಆಟೋ ಹತ್ತುವ ಬದಲು ಕಾಲ್ನಡಿಗೆಯಲ್ಲಿ ಹೋಗಬಹುದು. ರಜೆಯ ದಿನ ತುಮಕೂರಿನವರಿಗೆ ಅಮಾನಿಕೆರೆ ಇದೆ, ಕುಣಿಗಲ್‌ನವರಿಗೆ ಜನಪದರು ಹಾಡಿ ಹೊಗಳಿದ ಕೆರೆಯ ಏರಿ ಇದೆ. ಪ್ರಯಾಣ ಬೆನ್ನಿಗೆ ಕೊಟ್ಟ ಪೆಟ್ಟಿಗೆ ಮದ್ದು ಆ ಪ್ರಯಾಣದ ಎರಡು ತುದಿಗಳಲ್ಲೇ ಇದೆ.

ನೋವು ಬಂದೇ ಬಿಟ್ಟರೆ

ಕೆಳಬೆನ್ನಿನ ನೋವುಗಳಲ್ಲಿ ಬಹುಪಾಲು, ಹತ್ತರಲ್ಲಿ ಒಂಬತ್ತರಷ್ಟು, ಗಂಭೀರ ಕಾಯಿಲೆಯಿಂದ ಬಂದವಲ್ಲ. ಹೊಸದಾಗಿ ಬಂದ ನೋವು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತಗ್ಗುತ್ತದೆ. ಹಿಂದೆ ವೈದ್ಯರು ಹಾಸಿಗೆ ಬಿಟ್ಟು ಏಳಬೇಡಿ ಎನ್ನುತ್ತಿದ್ದರು. ಈಗ, ತಡೆಯಬಹುದಾದಷ್ಟು ಓಡಾಡುತ್ತಿರಿ ಎನ್ನುತ್ತಾರೆ. ಹಾಸಿಗೆ ಹಿಡಿದರೆ ಸ್ನಾಯುಗಳು ಸೊರಗಿ ಚೇತರಿಕೆ ತಡವಾಗುತ್ತದೆ.

ಆದರೆ ಕೆಲವು ಲಕ್ಷಣಗಳನ್ನು ಅಲಕ್ಷಿಸಬಾರದು. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ತೊಡೆಸಂದಿನ ಭಾಗ ಜೋಮು ಹಿಡಿಯುವುದು, ಕಾಲಿನ ಶಕ್ತಿ ಕುಂದುವುದು - ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿದ್ದು ಪೆಟ್ಟಾದ ಮೇಲಿನ ನೋವು, ಜ್ವರದೊಂದಿಗೆ ಬರುವ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವಾಗಿನ ನೋವು, ಮಲಗಿದರೂ ಬಿಡದೆ ರಾತ್ರಿ ಕಾಡುವ ನೋವು - ಇವಕ್ಕೂ ವೈದ್ಯರ ಪರೀಕ್ಷೆ ಅಗತ್ಯ. ಎಣ್ಣೆ ತಿಕ್ಕಿಸಿಕೊಂಡು ಕಾಯುವುದು ಸರಿಯಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಇಂದು ಕಾಲೇಜಿಗೆ ಹೋಗುವ ಬಸ್ಸನ್ನೇ ನಾಳೆ ಕೆಲಸಕ್ಕೂ ಹತ್ತಲಿದ್ದೀರಿ. ಹದಿನಾರರಲ್ಲಿ ಕಲಿತ ಅಭ್ಯಾಸ ಅರವತ್ತರವರೆಗೆ ಜೊತೆಗೆ ಬರುತ್ತದೆ. ರಸ್ತೆ, ಬಸ್ಸು, ಸೀಟು ನಮ್ಮ ಕೈಯಲ್ಲಿಲ್ಲ. ಅಲುಗಾಡದೆ ಕೂರಬಾರದು, ಬಾಗಿ ಎಳೆಯಬಾರದು, ದಿನಕ್ಕಿಷ್ಟು ನಡೆಯಬೇಕು ಎಂಬ ಮೂರು ಸೂತ್ರಗಳು ನಮ್ಮ ಕೈಯಲ್ಲಿವೆ. ಇಂದು ಸಂಜೆ ಮನೆಗೆ ಬರುವ ಅಪ್ಪನಿಗೋ ಅಮ್ಮನಿಗೋ ಬಾಗಿಲಲ್ಲೇ ಕೈಚೀಲವನ್ನು ಇಸಿದುಕೊಂಡು, ಈ ಮೂರನ್ನೂ ಅವರಿಗೆ ಹೇಳಿ.